ಹಳೆಯ ಕ್ಯಾಮರಾಕ್ಕೆ ಎಂಥ ಬೆಳಕಿನ ಮೀಟರು?

ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ನಿಂತಿದ್ದು, ನೇರವಾಗಿ ನಡುಮನೆಯನ್ನು ಹೊಕ್ಕರೆ ಒಂದು ಗಳಿಗೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಮರುಗಳಿಗೆಯಲ್ಲಿ ಎಲ್ಲವೂ ಎಂದಿನಂತೆ ಕಾಣತೊಡಗುತ್ತದೆ. ಗೋಡೆಯ ಮೇಲಿನ ಪಟ, ಮೂಲೆಯ ಒರಳು, ತೂಗುಮಂಚದ ಮೇಲೆ ಕುಳಿತ ಅಜ್ಜಿ. ಅಂಗಳದ ಬೆಳಕಿಗೂ ಒಳಗಿನ ಬೆಳಕಿಗೂ ಎಷ್ಟು ಅಂತರವಿದ್ದೀತೆಂದು ಆಗ ಯಾರಾದರೂ ಕೇಳಿದರೆ, ನಾಲ್ಕು ಪಟ್ಟೋ ಹತ್ತು ಪಟ್ಟೋ ಎಂದು ನೀವು ಹೇಳಬಹುದು. ಅಳೆದು ನೋಡಿದರೆ ಅದು ಸಾವಿರ ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ನೆತ್ತಿಯ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್; ಸಣ್ಣ ಕಿಟಕಿಯ ಕೋಣೆಯೊಳಗೆ ನೂರು ಲಕ್ಸ್ ಸಿಕ್ಕರೆ ಅದೇ ಹೆಚ್ಚು. ಕಣ್ಣು ನಮ್ಮ ಉಪಕಾರಕ್ಕಾಗಿಯೇ ಈ ಅಂತರವನ್ನು ಮುಚ್ಚಿಡುತ್ತದೆ. ಫಿಲ್ಮಿಗೆ ಮಾತ್ರ ಇಂಥ ದಾಕ್ಷಿಣ್ಯವಿಲ್ಲ. ಅದಕ್ಕೆ ಬೇಕಾದಷ್ಟು ಬೆಳಕು ಬೇಕೇ ಬೇಕು. ಕಡಮೆಯಾದರೆ ಚಿತ್ರ ಮಸಿಯಾಗುತ್ತದೆ, ಮಿತಿಮೀರಿದರೆ ಸುಟ್ಟ ಹಾಗೆ ಬೆಳ್ಳಗಾಗುತ್ತದೆ.

ಅಜ್ಜನ ಕಾಲದ ಕ್ಯಾಮರಾ ಟ್ರಂಕಿನಿಂದ ಹೊರಬಂದಾಗ ಮೊದಲು ಎದುರಾಗುವ ಪ್ರಶ್ನೆ ಇದೇ. ಡಿಜಿಟಲ್ ಕ್ಯಾಮರಾದಲ್ಲಿ ತೆಗೆದ ಚಿತ್ರವನ್ನು ಅಲ್ಲೇ ನೋಡಿ, ಸರಿಬಾರದಿದ್ದರೆ ಮತ್ತೊಮ್ಮೆ ತೆಗೆಯಬಹುದು. ಫಿಲ್ಮಿನಲ್ಲಿ ಆ ಸೌಕರ್ಯವಿಲ್ಲ. ೧೨೦ರ ಸುರುಳಿಯಲ್ಲಿ ಚೌಕದ ಚಿತ್ರಗಳು ಬರುವುದು ಹನ್ನೆರಡೇ. ಸುರುಳಿ ತೊಳೆದು ಬರುವ ಹೊತ್ತಿಗೆ ಮದುವೆಮನೆಯ ಚಪ್ಪರ ಬಿಚ್ಚಿರುತ್ತದೆ. ನೆಂಟರು ಊರಿಗೆ ಮರಳಿರುತ್ತಾರೆ. ತೂಗುಮಂಚದ ಮೇಲಿನ ಅಜ್ಜಿ ಇನ್ನೊಂದು ಚಿತ್ರಕ್ಕೆ ಸಿಗುವರೆಂಬ ಭರವಸೆ ಯಾರಿಗಿದೆ? ಆದ್ದರಿಂದ ಬೆಳಕನ್ನು ಮೊದಲೇ ಅಳೆದುಕೊಳ್ಳುವುದು ಜಾಣತನ. ಅಳೆಯುವ ಸಾಧನವನ್ನು ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕ್ಯಾಮರಾಕ್ಕೆ ಏನು ಬೇಕೆಂದು ತಿಳಿಯಬೇಕು. ಫಿಲ್ಮಿಗೆ ತಾಗುವ ಬೆಳಕನ್ನು ಎರಡು ಬಾಗಿಲುಗಳು ಕಾಯುತ್ತವೆ. ಒಂದು ಲೆನ್ಸಿನೊಳಗಿನ ಕಿಂಡಿ. ಅದರ ಅಗಲವನ್ನು ಎಫ್ ೪, ೫.೬, ೮, ೧೧, ೧೬ ಎಂಬ ಅಂಕಿಗಳಿಂದ ಗುರುತಿಸುತ್ತಾರೆ. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಇನ್ನೊಂದು ಷಟರು, ಅದು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಸೆಕೆಂಡಿನ ಪಾಲುಗಳಲ್ಲಿ ಹೇಳುತ್ತಾರೆ. ಕಿಂಡಿಯನ್ನು ಒಂದು ಅಂಕಿಯಷ್ಟು ಸರಿಸಿದರೆ ಬೆಳಕು ಇಮ್ಮಡಿಯಾಗುತ್ತದೆ, ಇಲ್ಲವೇ ಅರ್ಧವಾಗುತ್ತದೆ. ಛಾಯಾಗ್ರಾಹಕರು ಇದನ್ನು ‘ಸ್ಟಾಪು’ ಎನ್ನುತ್ತಾರೆ. ನಾವು ಮೆಟ್ಟಿಲು ಎನ್ನೋಣ. ಅಂಗಳಕ್ಕೂ ನಡುಮನೆಗೂ ಇರುವ ಸಾವಿರ ಪಟ್ಟಿನ ಅಂತರವೆಂದರೆ ಹತ್ತು ಮೆಟ್ಟಿಲು. ಫಿಲ್ಮು ಎಷ್ಟು ಚುರುಕು ಎಂಬುದು ಮೂರನೆಯ ಲೆಕ್ಕ. ಹಿಂದೆ ಎಎಸ್‌ಎ ಎನ್ನುತ್ತಿದ್ದ, ಈಗ ಐಎಸ್‌ಒ ಎನ್ನುವ ಅಂಕಿ ಅದನ್ನು ತಿಳಿಸುತ್ತದೆ. ಈ ಮೂರರ ಹೊಂದಾಣಿಕೆಯನ್ನು ಲೆಕ್ಕಹಾಕಿ ಕೊಡುವುದಷ್ಟೇ ಮೀಟರಿನ ಕೆಲಸ.

ಹಾಗಾದರೆ ಮೀಟರು ಇಲ್ಲದ ಕಾಲದಲ್ಲಿ ಜನ ಚಿತ್ರ ತೆಗೆಯಲಿಲ್ಲವೇ? ತೆಗೆದರು, ಚೆನ್ನಾಗಿಯೇ ತೆಗೆದರು. ಫಿಲ್ಮಿನ ಪೆಟ್ಟಿಗೆಯ ಮೇಲೆ ಸೂರ್ಯನ, ಮೋಡದ ಚಿತ್ರ ಬರೆದು ಅವರಿಗೆ ದಾರಿ ತೋರುತ್ತಿದ್ದರು. ಆ ಸೂತ್ರ ಇಂದಿಗೂ ಸುಳ್ಳಾಗಿಲ್ಲ. ನಿಚ್ಚಳವಾದ ಬಿಸಿಲಿನಲ್ಲಿ ಕಿಂಡಿಯನ್ನು ಎಫ್ ೧೬ಕ್ಕೆ ಇಡಿ. ಷಟರಿನ ಅಂಕಿಯನ್ನು ಫಿಲ್ಮಿನ ಅಂಕಿಗೆ ಹೊಂದಿಸಿ. ಐಎಸ್‌ಒ ೧೦೦ರ ಫಿಲ್ಮಾದರೆ ಸೆಕೆಂಡಿನ ೧೦೦ ಅಥವಾ ೧೨೫ರಲ್ಲಿ ಒಂದು ಪಾಲು. ಅನಂತರ ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳಿನ ಅಂಚು ಕತ್ತರಿಸಿದಂತಿದ್ದರೆ ೧೬. ಅಂಚು ಮೆತ್ತಗಾಗಿದ್ದರೆ ೧೧. ನೆರಳು ಇದೆಯೋ ಇಲ್ಲವೋ ಎಂಬಂತಿದ್ದರೆ ೮. ಮೋಡ ದಟ್ಟವಾಗಿ ನೆರಳೇ ಇಲ್ಲದಿದ್ದರೆ ೫.೬. ಬಯಲು ಸೀಮೆಯ ಬೇಸಗೆಯಲ್ಲಿ, ಬಯಲಿನಲ್ಲಿಯೇ ಚಿತ್ರ ತೆಗೆಯುವವರಿಗೆ ಕಾಸು ಖರ್ಚಿಲ್ಲದ ಮೀಟರು ಇದು. ಇದನ್ನು ಕಲಿಯದೆ ಅಂಗಡಿಗೆ ಹೋಗಬೇಡಿ. ಏಕೆಂದರೆ, ಕೊಂಡ ಮೀಟರು ಸರಿಯಾಗಿದೆಯೇ ಎಂದು ಪರೀಕ್ಷಿಸುವುದಕ್ಕೂ ಈ ಸೂತ್ರವೇ ಬೇಕು.

ನೆರಳಿನ ಲೆಕ್ಕ ಸೋಲುವ ಜಾಗಗಳೂ ಉಂಟು. ಅಡಕೆ ತೋಟದೊಳಗಿನ ಬೆಳಕು, ಮಲೆನಾಡಿನ ಮಳೆಗಾಲದ ಮಧ್ಯಾಹ್ನ, ದೇವಸ್ಥಾನದ ನವರಂಗ, ಜಗಲಿಯ ನೆರಳು, ಸಂಜೆಯ ಹೊತ್ತು, ಇಲ್ಲೆಲ್ಲ ಅಂದಾಜು ಎರಡು ಮೂರು ಮೆಟ್ಟಿಲು ತಪ್ಪುವುದು ಸುಲಭ. ಮೀಟರು ನಿಜವಾಗಿ ಬೇಕಾಗುವುದು ಇಂಥಲ್ಲಿ.

ಮೀಟರನ್ನು ಕೊಳ್ಳುವ ಮುನ್ನ ಅದರ ಒಂದು ಸ್ವಭಾವವನ್ನು ತಿಳಿದಿರಬೇಕು. ಎದುರಿಗಿರುವುದು ಮನುಷ್ಯನೋ ಗೋಡೆಯೋ ಅದಕ್ಕೆ ಗೊತ್ತಿಲ್ಲ. ಲೋಕದಲ್ಲಿರುವುದೆಲ್ಲ ನಡುಬೂದಿ ಬಣ್ಣದ್ದು ಎಂಬ ಒಂದೇ ನಂಬಿಕೆಯ ಮೇಲೆ ಅದು ನಡೆಯುತ್ತದೆ. ಛಾಯಾಗ್ರಾಹಕರು ಬಳಸುವ ಬೂದಿ ಬಣ್ಣದ ರಟ್ಟು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೧೮ ಪಾಲನ್ನು ಹಿಂದಿರುಗಿಸುತ್ತದೆ. ಮೀಟರಿನ ನಂಬಿಕೆಯೂ ಹೆಚ್ಚು ಕಡಮೆ ಅಷ್ಟರದೇ. ಬಿಳಿ ಪಂಚೆ ಉಟ್ಟು, ಬಿಳಿ ಶಲ್ಯ ಹೊದೆದು, ಸುಣ್ಣದ ಗೋಡೆಗೆ ಒರಗಿ ಕುಳಿತ ಹಿರಿಯರೊಬ್ಬರ ಮೇಲೆ ಅದನ್ನು ಹಿಡಿಯಿರಿ. ‘ಅಬ್ಬ, ಎಷ್ಟು ಬೆಳಕು!’ ಎಂದುಕೊಂಡು ಅದು ಕಿಂಡಿಯನ್ನು ಕಿರಿದು ಮಾಡಲು ಹೇಳುತ್ತದೆ. ಅದರ ಮಾತು ಕೇಳಿದರೆ ಪಂಚೆ ಬೂದಿಯಾಗುತ್ತದೆ, ಮುಖ ಕಪ್ಪಿಡುತ್ತದೆ. ಹಳೇಬೀಡಿನ ಕರಿಯ ಕಲ್ಲಿನ ಗೋಡೆಯ ಮುಂದೆ ಇದರ ತಿರುಗುಮುರುಗು. ಬೆಳಕು ಸಾಲದೆಂದು ಹೇಳಿ, ಕಲ್ಲಿನ ಘನತೆಯನ್ನೆಲ್ಲ ತೊಳೆದು ಬಿಳಿಚುವಂತೆ ಮಾಡುತ್ತದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕೆಳಗಿನಿಂದ ನೋಡುವಾಗ ಹಿಂದಿನ ಆಕಾಶವೇ ಮೀಟರಿನ ಕಣ್ಣು ತುಂಬುತ್ತದೆ. ಮೂರ್ತಿ ಕಪ್ಪು ಆಕೃತಿಯಾಗಿ ಉಳಿಯುತ್ತದೆ. ಮೀಟರು ಕೆಟ್ಟಿದೆಯೆಂದು ಬೈಯುವವರಲ್ಲಿ ಹಲವರು ಬೈಯುತ್ತಿರುವುದು ಅದರ ಈ ನಂಬಿಕೆಯನ್ನು.

ಈ ತೊಡಕನ್ನು ಬಿಡಿಸಲು ಎರಡು ದಾರಿಗಳಿವೆ. ಮೀಟರುಗಳಲ್ಲಿ ಎರಡು ಜಾತಿಗಳಾದದ್ದೂ ಅದರಿಂದಲೇ. ವಸ್ತುವಿನಿಂದ ಮರಳಿ ಬರುವ ಬೆಳಕನ್ನು ಅಳೆಯುವುದು ಒಂದು ಜಾತಿ. ಕ್ಯಾಮರಾದೊಳಗೆ ಕೂಡಿಸಿದ ಮೀಟರುಗಳೆಲ್ಲ ಬಹುಮಟ್ಟಿಗೆ ಈ ಬಗೆಯವು. ಇವನ್ನು ಬಳಸುವಾಗ ಇಡೀ ನೋಟವನ್ನು ಅಳೆಯದೆ ಹತ್ತಿರ ಹೋಗಿ ಮುಖ್ಯವಾದುದನ್ನಷ್ಟೇ ಅಳೆಯಬೇಕು. ಹತ್ತಿರ ಹೋಗಲಾಗದಿದ್ದರೆ, ಅದೇ ಬೆಳಕಿನಲ್ಲಿ ನಿಮ್ಮ ಅಂಗೈಯನ್ನು ಅಳೆದುಕೊಳ್ಳಿ. ಅಂಗೈ ಸಾಮಾನ್ಯವಾಗಿ ನಡುಬೂದಿಗಿಂತ ಒಂದು ಮೆಟ್ಟಿಲು ತಿಳಿ. ಆದ್ದರಿಂದ ಮೀಟರು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡಿ.

ವಸ್ತುವಿನ ಮೇಲೆ ಬೀಳುವ ಬೆಳಕನ್ನೇ ಅಳೆಯುವುದು ಇನ್ನೊಂದು ಜಾತಿ. ಇದರ ಕಣ್ಣಿಗೆ ಅರ್ಧ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿಯ ಗುಮ್ಮಟವಿರುತ್ತದೆ. ಅಮೆರಿಕದ ಡೊನಾಲ್ಡ್ ನಾರ್ವುಡ್ ಎಂಬುವರು ೧೯೪೦ರ ಸುಮಾರಿಗೆ ರೂಪಿಸಿದ ಉಪಾಯ ಇದು. ಮುಖವೂ ಗುಮ್ಮಟದಂತೆ ಉಬ್ಬಿದ್ದಲ್ಲವೇ? ಮುಂದಿನಿಂದಲೂ ಪಕ್ಕದಿಂದಲೂ ಬರುವ ಬೆಳಕನ್ನು ಎರಡೂ ಒಂದೇ ರೀತಿ ಪಡೆಯುತ್ತವೆ. ಮೀಟರನ್ನು ಮುಖದ ಬಳಿ ಹಿಡಿದು, ಗುಮ್ಮಟವನ್ನು ಕ್ಯಾಮರಾದ ಕಡೆಗೆ ತಿರುಗಿಸಿದರೆ ಮುಗಿಯಿತು. ಪಂಚೆ ಬಿಳಿದೋ ಗೋಡೆ ಕಪ್ಪೋ ಎಂಬುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಬಿಳಿಯದು ಬಿಳಿಯಾಗಿ, ಕರಿಯದು ಕರಿದಾಗಿ, ಅವರವರ ಮೈಬಣ್ಣ ಅವರವರದೇ ಆಗಿ ಮೂಡುತ್ತದೆ. ದೂರದ ಬೆಟ್ಟವಾದರೂ ಅದರ ಮೇಲಿನ ಬಿಸಿಲೇ ನಿಮ್ಮ ಮೇಲೂ ಬೀಳುತ್ತಿದ್ದರೆ, ನಿಂತಲ್ಲೇ ಅಳೆಯಬಹುದು. ಆದರೆ ಮುಳುಗುವ ಸೂರ್ಯ, ಉರಿಯುವ ದೀಪ ಮುಂತಾಗಿ ತಾವೇ ಬೆಳಗುವ ವಸ್ತುಗಳಿಗೆ ಇದು ಒದಗದು. ಅಲ್ಲಿ ಮೊದಲನೆಯ ಜಾತಿಯೇ ಬೇಕು.

ಮೀಟರಿನ ಒಳಗಿರುವ ಬೆಳಕಿನ ಕಣ್ಣಿನಲ್ಲಿ ಮೂರು ಬಗೆಗಳಿವೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವವರು ಇವನ್ನು ಗುರುತಿಸಬಲ್ಲವರಾಗಿರಬೇಕು.

ಎಲ್ಲಕ್ಕೂ ಹಿರಿಯದು ಸೆಲೆನಿಯಂ. ಬೆಳಕು ತಾಗಿದರೆ ಸೆಲೆನಿಯಂನ ವಿದ್ಯುತ್ ಗುಣ ಬದಲಾಗುತ್ತದೆಂಬುದನ್ನು ಇಂಗ್ಲೆಂಡಿನ ವಿಲ್ಲೊಬಿ ಸ್ಮಿತ್ ೧೮೭೩ರಲ್ಲಿ ಪ್ರಕಟಿಸಿದನು. ಆತ ಸಮುದ್ರದಡಿಯ ತಂತಿಗಳನ್ನು ಪರೀಕ್ಷಿಸುತ್ತಿದ್ದ ಇಂಜಿನಿಯರು. ಛಾಯಾಚಿತ್ರದ ಯೋಚನೆ ಆತನಿಗಿರಲಿಲ್ಲ. ೧೯೩೨ರಲ್ಲಿ ವೆಸ್ಟನ್ ಕಂಪನಿ ಸೆಲೆನಿಯಂ ಮೀಟರನ್ನು ಮಾರುಕಟ್ಟೆಗೆ ತಂದಿತು. ೧೯೩೫ರಲ್ಲಿ ಜೈಸ್ ಐಕಾನ್ ತನ್ನ ಎರಡು ಲೆನ್ಸಿನ ಕಾಂಟಾಫ್ಲೆಕ್ಸಿನಲ್ಲಿ ಅದನ್ನು ಕ್ಯಾಮರಾದೊಳಕ್ಕೇ ಸೇರಿಸಿತು. ಜೇನುಗೂಡಿನಂತೆ, ಇಲ್ಲವೇ ನೀರಿನ ಗುಳ್ಳೆಗಳಂತೆ ಕಾಣುವ ಅಗಲವಾದ ಗಾಜಿದ್ದರೆ ಅದು ಸೆಲೆನಿಯಂ ಎಂದು ತಿಳಿಯಿರಿ. ರಷ್ಯದ ಜೆನಿಟ್-ಇ ಕ್ಯಾಮರಾದ ನೆತ್ತಿಯ ಮೇಲಿರುವುದೂ ಇಂಥದೇ. ಇದಕ್ಕೆ ಬ್ಯಾಟರಿ ಬೇಡ. ಬೆಳಕೇ ಮುಳ್ಳನ್ನು ಆಡಿಸುತ್ತದೆ. ಕೊರತೆಗಳು ಎರಡು. ಮಂದ ಬೆಳಕಿನಲ್ಲಿ ಮುಳ್ಳು ಅಲ್ಲಾಡುವುದೇ ಇಲ್ಲ. ಮೇಲಾಗಿ, ವರ್ಷಗಳು ಕಳೆದಂತೆ, ಅದರಲ್ಲಿಯೂ ತೇವ ಹೊಕ್ಕರೆ, ಕಣ್ಣಿನ ಶಕ್ತಿ ಕುಂದುತ್ತದೆ. ಕರಾವಳಿಯಲ್ಲಿ ಅರುವತ್ತು ಮಳೆಗಾಲ ಕಂಡ ಮೀಟರನ್ನು ಪರೀಕ್ಷಿಸದೆ ನಂಬಲಾಗದು. ಕುಂದಿದ ಸೆಲೆನಿಯಂಗೆ ಮನೆಮದ್ದಿಲ್ಲ.

ಎರಡನೆಯದು ಕ್ಯಾಡ್ಮಿಯಂ ಸಲ್ಫೈಡಿನ ಕಣ್ಣು. ೧೯೬೦ರ ದಶಕದಲ್ಲಿ ಇದು ಬಳಕೆಗೆ ಬಂದಿತು. ಜರ್ಮನಿಯ ಗಾಸನ್ ಕಂಪನಿಯ ಲೂನಾಸಿಕ್ಸ್ ಮೀಟರು, ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್, ಯಾಶಿಕಾ-ಮ್ಯಾಟ್ ೧೨೪ ಜಿ ಮುಂತಾದ ಕ್ಯಾಮರಾಗಳಲ್ಲಿರುವುದು ಇದೇ. ಮಂದ ಬೆಳಕನ್ನೂ ಇದು ಕಾಣಬಲ್ಲದು. ಆದರೆ ಪ್ರಖರವಾದ ಬಿಸಿಲನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ಅದರ ನೆನಪಿನಲ್ಲಿಯೇ ಇರುತ್ತದೆ. ಒಡನೆಯೇ ಕೋಣೆಯೊಳಗೆ ಅಳೆದರೆ ಸುಳ್ಳು ಹೇಳುತ್ತದೆ. ಮುಳ್ಳು ನಿಲ್ಲುವವರೆಗೆ ಕಾಯಬೇಕು. ಇದಕ್ಕೆ ಬ್ಯಾಟರಿಯೂ ಬೇಕು.

ದೊಡ್ಡ ತೊಂದರೆ ಇರುವುದು ಈ ಬ್ಯಾಟರಿಯಲ್ಲಿಯೇ. ಅಂದಿನ ಮೀಟರುಗಳಲ್ಲಿ ಹೆಚ್ಚಿನವು ೧.೩೫ ವೋಲ್ಟಿನ ಪಾದರಸದ ಗುಂಡಿ ಬ್ಯಾಟರಿಯನ್ನು ನೆಚ್ಚಿದ್ದವು. ಸಾಯುವ ದಿನದವರೆಗೂ ಅದರ ವೋಲ್ಟೇಜು ಇಳಿಯುತ್ತಿರಲಿಲ್ಲ. ಎಂದೇ ತಯಾರಕರು ಅದನ್ನು ಅಳತೆಗೋಲಿನಂತೆ ನಂಬಿದರು. ಪಾದರಸ ಮಣ್ಣಿಗೂ ನೀರಿಗೂ ವಿಷವಾದ್ದರಿಂದ ಅಮೆರಿಕ ೧೯೯೬ರಲ್ಲಿ ಕಾನೂನು ಮಾಡಿ ಇಂಥ ಬ್ಯಾಟರಿಗಳನ್ನು ತಡೆಯಿತು. ಬೇರೆ ದೇಶಗಳೂ ಆ ದಾರಿ ಹಿಡಿದವು. ಈಗ ಅದೇ ಗಾತ್ರದ ೧.೫ ವೋಲ್ಟಿನ ಆಲ್ಕಲೈನ್ ಬ್ಯಾಟರಿ ಸಿಗುತ್ತದೆ. ಅದನ್ನು ಹಾಕಿದೊಡನೆ ಮುಳ್ಳು ಎದ್ದು ಕುಣಿಯುವುದನ್ನು ನೋಡಿ, ಮೀಟರು ಸರಿಯಾಗಿದೆಯೆಂದು ಹಿಗ್ಗುವವರು ಉಂಟು. ಹೆಚ್ಚಾದ ವೋಲ್ಟೇಜನ್ನು ಮೀಟರು ಹೆಚ್ಚಾದ ಬೆಳಕೆಂದು ಎಣಿಸಿ ಕಿಂಡಿಯನ್ನು ಕಿರಿದು ಮಾಡಿಸುತ್ತದೆ. ಸುರುಳಿಯೆಲ್ಲ ಕಪ್ಪಾಗಿ ಬರುತ್ತದೆ. ಸಾಲದೆಂಬಂತೆ ಆಲ್ಕಲೈನಿನ ವೋಲ್ಟೇಜು ದಿನದಿನಕ್ಕೂ ಇಳಿಯುವುದರಿಂದ ತಪ್ಪೂ ಒಂದೇ ಸಮನಾಗಿರುವುದಿಲ್ಲ.

ಇದಕ್ಕೆ ಪರಿಹಾರವಿದೆ. ಕಿವಿ ಕೇಳದವರ ಶ್ರವಣಯಂತ್ರಕ್ಕೆ ಹಾಕುವ ೬೭೫ ಸಂಖ್ಯೆಯ ಸತು-ಗಾಳಿ ಬ್ಯಾಟರಿ ಸುಮಾರು ೧.೪ ವೋಲ್ಟು ಕೊಡುತ್ತದೆ. ಗಾತ್ರ ಚಿಕ್ಕದಾದುದರಿಂದ ಸುತ್ತ ಒಂದು ಬಳೆ ತೊಡಿಸಬೇಕು, ಬಾಳಿಕೆ ಕೆಲವು ವಾರಗಳಷ್ಟೆ, ಬೆಲೆಯೇನೋ ಕಡಮೆ. ಸಿಲ್ವರ್ ಆಕ್ಸೈಡ್ ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಲೋಹದ ಬಿಲ್ಲೆಗಳೂ ಸಿಗುತ್ತವೆ. ಇನ್ನು ಕೆಲವು ಕ್ಯಾಮರಾಗಳಲ್ಲಿ, ಸ್ಪಾಟ್‌ಮ್ಯಾಟಿಕ್ ಅಂಥದೊಂದು, ಒಳಗಿನ ವಿದ್ಯುತ್ ಜೋಡಣೆಯೇ ವೋಲ್ಟೇಜಿನ ಏರುಪೇರನ್ನು ತಡೆದುಕೊಳ್ಳುತ್ತದೆ. ನಿಮ್ಮ ಕ್ಯಾಮರಾ ಯಾವ ಗುಂಪಿನದೆಂದು ಮೊದಲೇ ವಿಚಾರಿಸಿಕೊಳ್ಳಿ.

ಮೂರನೆಯದು ಸಿಲಿಕಾನ್ ಕಣ್ಣು. ೧೯೭೦ರ ದಶಕದಿಂದೀಚೆಗೆ ಬಂದದ್ದು. ಚುರುಕು, ಮಂದ ಬೆಳಕಿನಲ್ಲಿಯೂ ನಂಬಿಕಸ್ಥ, ಹಿಂದಿನ ಬೆಳಕನ್ನು ನೆನಪಿಟ್ಟುಕೊಳ್ಳುವ ಚಾಳಿಯಿಲ್ಲ. ಸುಲಭವಾಗಿ ಸಿಗುವ ಬ್ಯಾಟರಿಯಲ್ಲಿ ನಡೆಯುತ್ತದೆ. ಕೈಯಲ್ಲಿ ಹಿಡಿಯುವ ಹೊಸ ಮೀಟರು ಕೊಳ್ಳುವವರು ಇದನ್ನೇ ಆರಿಸಿದರೆ ಕ್ಷೇಮ.

ಮೀಟರು ಎಷ್ಟು ಒಳ್ಳೆಯದಾದರೂ ಅದರ ಭಾಷೆ ಕ್ಯಾಮರಾಕ್ಕೆ ಅರ್ಥವಾಗಬೇಕು. ಹಳೆಯ ಷಟರುಗಳ ಮೇಲೆ ೨೫, ೫೦, ೧೦೦ ಎಂದು ಬರೆದಿರುತ್ತದೆ; ಈಗಿನ ಮೀಟರು ೩೦, ೬೦, ೧೨೫ ಎನ್ನುತ್ತದೆ. ಇದು ಅಲ್ಪ ವ್ಯತ್ಯಾಸ. ಹತ್ತಿರದ ಅಂಕಿಯನ್ನು ಹಿಡಿದರೆ ಸಾಕು. ಜರ್ಮನಿಯ ಹಳೆಯ ಲೆನ್ಸುಗಳಲ್ಲಿ ೬.೩, ೯, ೧೨.೫ ಎಂಬ ಕಿಂಡಿಗಳಿದ್ದರೂ ಹಾಗೆಯೇ ಮಾಡಬಹುದು. ಆದರೆ ಮೊದಲ ಮಹಾಯುದ್ಧದ ಕಾಲದ ಕೋಡಾಕ್ ಮಡಿಕೆ ಕ್ಯಾಮರಾಗಳ ಮೇಲೆ ಎಚ್ಚರವಿರಲಿ. ಅವುಗಳಲ್ಲಿ ಹಲವಕ್ಕೆ ‘ಯು.ಎಸ್.’ ಎಂಬ ಬೇರೆಯೇ ಅಂಕಿಗಳಿವೆ. ಅಲ್ಲಿಯ ೪ ಎಂದರೆ ನಮ್ಮ ಎಫ್ ೮. ಅಲ್ಲಿಯ ೮ ಎಂದರೆ ಎಫ್ ೧೧. ೧೬ರಲ್ಲಿ ಮಾತ್ರ ಎರಡೂ ಕೂಡುತ್ತವೆ. ೧೯೫೦ರ ದಶಕದ ನಡುವಿನಿಂದ ಬಂದ ಕೆಲವು ರೋಲೈಫ್ಲೆಕ್ಸ್ ಮುಂತಾದ ಕ್ಯಾಮರಾಗಳಲ್ಲಿ ಕಿಂಡಿಯನ್ನೂ ಷಟರನ್ನೂ ಬೆಸೆದು, ‘ಇ.ವಿ.’ ಎಂಬ ಒಂದೇ ಅಂಕಿಯಿಂದ ನಡೆಸುತ್ತಾರೆ. ಅಂಥ ಕ್ಯಾಮರಾ ಇದ್ದವರು ಇ.ವಿ. ತೋರಿಸುವ ಮೀಟರನ್ನೇ ಆರಿಸಲಿ. ಐಎಸ್‌ಒ ೧೦೦ಕ್ಕೆ ನಿಚ್ಚಳ ಬಿಸಿಲಿನ ಇ.ವಿ. ೧೫.

ಹಳೆಯ ಮೀಟರುಗಳಲ್ಲಿ ಫಿಲ್ಮಿನ ಅಂಕಿಯೂ ಬೇರೆಯಾಗಿರಬಹುದು. ಮೊದಲಿನ ವೆಸ್ಟನ್ ಮೀಟರುಗಳ ೮೦ ಎಂದರೆ ಇಂದಿನ ೧೦೦. ರಷ್ಯದ ಗೋಸ್ಟ್ ಲೆಕ್ಕದಲ್ಲಿ ಅದು ೯೦.

ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಕಪ್ಪು-ಬಿಳುಪಿನ ನೆಗೆಟಿವ್ ಫಿಲ್ಮು ಹಾಕಿ, ಬಿಸಿಲಿನಲ್ಲಿಯೇ ಚಿತ್ರ ತೆಗೆಯುವವರಿಗೆ ನೆರಳಿನ ಸೂತ್ರ ಸಾಕು; ಅನುಮಾನ ಬಂದರೆ ಮೊಬೈಲ್ ಫೋನಿನ ಮೀಟರು ಆ್ಯಪು ನೆರವಿಗಿದೆ. ಫೋನಿನ ಮೀಟರು ಸಾಮಾನ್ಯವಾಗಿ ಮರಳುವ ಬೆಳಕನ್ನೇ ಅಳೆಯುತ್ತದೆಂಬುದನ್ನು ಮಾತ್ರ ನೆನಪಿಡಿ. ಬಿಳಿ ಪಂಚೆಯ ಮುಂದೆ ಅದೂ ಎಡವುತ್ತದೆ. ಬೀದಿ, ಸಂತೆ, ಜಾತ್ರೆಗಳಲ್ಲಿ ಅಲೆಯುವವರಿಗೆ ಕ್ಯಾಮರಾದ ನೆತ್ತಿಯ ಮೇಲಿನ ತೋಡಿಗೆ ಸಿಕ್ಕಿಸುವ ಪುಟ್ಟ ಮೀಟರು ಅನುಕೂಲ, ಫಾಯ್ಕ್ಟ್‌ಲ್ಯಾಂಡರ್ ವಿ.ಸಿ. ಮೀಟರು ಆ ಜಾತಿಯದು. ಮನುಷ್ಯರ ಚಿತ್ರಗಳೇ ಮುಖ್ಯವೆನ್ನುವವರು ಗುಮ್ಮಟವಿರುವ ಕೈಮೀಟರನ್ನು ಆರಿಸಬೇಕು. ಒಂದೇ ಎಎ ಬ್ಯಾಟರಿಯಲ್ಲಿ ನಡೆದು, ಎರಡೂ ಬಗೆಯ ಬೆಳಕನ್ನು ಅಳೆಯುವ ಸೆಕಾನಿಕ್ ಎಲ್-೩೦೮ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಡಿಗ್ರಿಯಷ್ಟು ಕಿರಿದಾದ ಜಾಗವನ್ನು ದೂರದಿಂದಲೇ ಅಳೆಯುವ ಪೆಂಟಾಕ್ಸಿನಂಥ ಸ್ಪಾಟ್ ಮೀಟರುಗಳೂ ಇವೆ. ದೇವಾಲಯದ ಒಳಗಿನ ಶಿಲ್ಪ, ದೂರದ ಕಣಿವೆ ಇವುಗಳನ್ನು ಸ್ಲೈಡ್ ಫಿಲ್ಮಿನಲ್ಲಿಯೋ ದೊಡ್ಡ ಶೀಟ್ ಫಿಲ್ಮಿನಲ್ಲಿಯೋ ತೆಗೆಯುವವರಿಗೆ ಅದರ ಪ್ರಯೋಜನ ಗೊತ್ತು. ಉಳಿದವರಿಗೆ ಅದು ಮಂತ್ರಕ್ಕಿಂತ ಉಗುಳೇ ಹೆಚ್ಚಾದಂತೆ.

ಅಳತೆ ಎಷ್ಟು ನಿಖರವಾಗಿರಬೇಕು? ಮೆಟ್ಟಿಲಿನ ಹತ್ತನೆಯ ಒಂದು ಪಾಲನ್ನು ತೋರಿಸುವ ಮೀಟರುಗಳಿವೆ. ಅರುವತ್ತು ವರ್ಷದ ಷಟರಿನ ಸ್ಪ್ರಿಂಗು ಮಾತ್ರ ಅಷ್ಟು ಕಟ್ಟುನಿಟ್ಟಿನದಲ್ಲ. ೨೫೦ ಎಂದು ಬರೆದಲ್ಲಿ ೧೫೦ರಷ್ಟೇ ಓಡುವುದು ಅಪರೂಪವಲ್ಲ. ನೆಗೆಟಿವ್ ಫಿಲ್ಮು ಒಂದೆರಡು ಮೆಟ್ಟಿಲು ಹೆಚ್ಚಾದ ಬೆಳಕನ್ನು ಸಹಿಸುತ್ತದೆ, ಕಡಮೆಯಾದುದನ್ನು ಅಷ್ಟಾಗಿ ಸಹಿಸದು. ಸ್ಲೈಡ್ ಫಿಲ್ಮು ಅರ್ಧ ಮೆಟ್ಟಿಲಿಗೇ ಮುನಿಯುತ್ತದೆ. ಆದುದರಿಂದ ಹತ್ತನೆಯ ಪಾಲಿಗಾಗಿ ಹಣ ಸುರಿಯಬೇಡಿ; ಎಲ್ಲ ಬೆಳಕಿನಲ್ಲಿಯೂ ಒಂದೇ ಮಾತು ಹೇಳುವ ಮೀಟರಿಗಾಗಿ ಸುರಿಯಿರಿ.

ಹಳೆಯ ಮೀಟರನ್ನು ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಕಣ್ಣನ್ನು ಬೆರಳಿನಿಂದ ಪೂರ್ತಿ ಮುಚ್ಚಿದರೆ ಮುಳ್ಳು ಸೊನ್ನೆಗೆ ಇಳಿಯಬೇಕು, ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರೊಳಗಿನ ನಿಚ್ಚಳ ಬಿಸಿಲಿನಲ್ಲಿ ಎಫ್ ೧೬ರ ಸೂತ್ರಕ್ಕೆ ಅದರ ಮಾತು ತಾಳೆಯಾಗಬೇಕು. ಕೊನೆಯದಾಗಿ, ಒಳ್ಳೆಯ ಡಿಜಿಟಲ್ ಕ್ಯಾಮರಾವನ್ನು ಪಕ್ಕದಲ್ಲಿಟ್ಟುಕೊಂಡು, ಖಾಲಿ ಗೋಡೆಯೊಂದನ್ನು ಬಿಸಿಲು, ನೆರಳು, ಕೋಣೆ ಮೂರರಲ್ಲಿಯೂ ಅಳೆಯಿರಿ. ಮೂರರಲ್ಲಿಯೂ ಒಂದೇ ಸಮನಾಗಿ ಒಂದು ಮೆಟ್ಟಿಲು ಕಡಮೆ ಬೆಳಕು ತೋರಿಸಿದರೆ ಚಿಂತೆಯಿಲ್ಲ. ೧೦೦ರ ಫಿಲ್ಮಿಗೆ ೨೦೦ ಎಂದಿಟ್ಟು ಬಳಸಬಹುದು. ಬಿಸಿಲಿನಲ್ಲಿ ಸರಿ, ನೆರಳಿನಲ್ಲಿ ಒಂದು ತಪ್ಪು, ಕೋಣೆಯಲ್ಲಿ ಮೂರು ತಪ್ಪು ಎಂದಾದರೆ ವಂದಿಸಿ ಹಿಂದಿರುಗಿಸಿ.

ಮನೆಗೆ ತಂದ ಮೇಲೆ ಮೊದಲನೆಯ ಸುರುಳಿಯನ್ನು ಮೀಟರಿನ ಪರಿಚಯಕ್ಕೆಂದೇ ಮೀಸಲಿಡಿ. ಪ್ರತಿ ಚಿತ್ರಕ್ಕೂ ಮೀಟರು ಹೇಳಿದ್ದೇನು, ನೀವು ಇಟ್ಟದ್ದೇನು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಸುರುಳಿ ತೊಳೆದು ಬಂದ ದಿನ ಆ ಎರಡು ಸಾಲುಗಳನ್ನು ನೆಗೆಟಿವಿನ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಕೈಪಿಡಿಯೂ ಕಲಿಸದಷ್ಟನ್ನು ಕಲಿಯುವಿರಿ. ಎರಡನೆಯ ಸುರುಳಿಯನ್ನು ಹಾಕಿಕೊಂಡು ನಡುಮನೆಗೆ ಹೋಗಿ. ತೂಗುಮಂಚವನ್ನು ಸ್ವಲ್ಪ ಕಿಟಕಿಯ ಕಡೆಗೆ ತಿರುಗಿಸಿ, ಅಜ್ಜಿಯ ಕೆನ್ನೆಯ ಬಳಿ ಮೀಟರನ್ನು ಹಿಡಿಯಿರಿ. ಅದೇನೆಂದು ಅವರು ಕೇಳಿಯೇ ಕೇಳುತ್ತಾರೆ, ಹೇಳಿ. ಅವರು ನಗುವಷ್ಟರಲ್ಲಿ ನಿಮ್ಮ ಅಂಕಿಗಳು ಸಿದ್ಧವಾಗಿರಲಿ.